ಕರಾಡದಿಂದ ಮುಂದೆ

ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಊರಿನ ದಾರಿ ಅಂದರೆ ಟೋಲ್ ನಾಕಾಗಳ ಲೆಕ್ಕ. ಖೇಡ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಆಮೇಲೆ ಕೋಗನೊಳಿ. ಕೋಗನೊಳಿ ಬಂದರೆ ಕರ್ನಾಟಕ ಬಂತು. ಅಲ್ಲಿಂದ ಬೋರ್ಡುಗಳು ಕನ್ನಡಕ್ಕೆ ತಿರುಗುತ್ತವೆ, ಸ್ಟಿಯರಿಂಗ್ ಹಿಡಿದ ಕೈ ತುಸು ಸಡಿಲಾಗುತ್ತದೆ. ನಿಪ್ಪಾಣಿಯ ಚಹಾದ ಅಂಗಡಿಯವನು ಮರಾಠಿಯಲ್ಲೇ ಮಾತಾಡಿದರೂ ಊರು ಹತ್ತಿರ ಬಂತು ಅನ್ನಿಸುತ್ತದೆ. 14 ವರ್ಷಗಳಲ್ಲಿ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಮೊದಲು ರಾತ್ರಿ ಬಸ್ಸಿನಲ್ಲಿ, ಆಮೇಲೆ ಸ್ವಂತ ಕಾರಿನಲ್ಲಿ.

2024ರ ಡಿಸೆಂಬರಿನಲ್ಲಿ ಇದೇ ದಾರಿಯಲ್ಲಿ ಅಪ್ಪನನ್ನು ಕರೆದುಕೊಂಡು ಹೊರಟೆ. ನಾವಿಬ್ಬರೂ ಸರಿಯಾಗಿ ಮಾತಾಡಿ ಆಗ ನಾಲ್ಕೂವರೆ ವರ್ಷವಾಗಿತ್ತು.

ಅಪ್ಪ ಪುಣೆಗೆ ಬಂದಿದ್ದು ನನ್ನ ಮನೆಗಲ್ಲ, ಚಿಂಚವಡದಲ್ಲಿರುವ ತಂಗಿಯ ಮನೆಗೆ. ಎರಡೂ ಕಣ್ಣಿಗೆ ಪೊರೆ ಬಂದು, ಹೊಲದ ಬದುವಿನ ಮೇಲೆ ಎಡವಿ ಬಿದ್ದ ಮೇಲೆ ತಂಗಿ ಹಟ ಹಿಡಿದು ಕರೆಸಿಕೊಂಡಿದ್ದಳು. ಒಂದೊಂದೇ ಕಣ್ಣು, ನಡುವೆ ಅಂತರ ಬಿಟ್ಟು, ಆಪರೇಶನ್ ಆಯಿತು. ಎರಡೂ ಸಲ ನಾನು ಆಸ್ಪತ್ರೆಗೆ ಹೋಗಿ ಹೊರಗಿನ ಕುರ್ಚಿಯಲ್ಲಿ ಕೂತು ಬಂದೆ. "ಹೆಂಗದೀ?" ಅಂದರೆ "ಛಲೋ ಅದೀನಿ" ಅನ್ನುತ್ತಿದ್ದ. ನಾಲ್ಕೂವರೆ ವರ್ಷಗಳಿಂದ ನಮ್ಮ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು. ನಾನು ತಿಂಗಳಿಗೊಮ್ಮೆ ಅವನ ಖಾತೆಗೆ ಹಾಕುತ್ತಿದ್ದ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇತ್ತು. ಅದನ್ನು ಅವನು ಮುಟ್ಟಿಯೂ ಇರಲಿಲ್ಲ, ತಿರುಗಿ ಕಳಿಸಿಯೂ ಇರಲಿಲ್ಲ.

ಊರಿಗೆ ಬಿಟ್ಟು ಬರಬೇಕಿದ್ದ ಭಾವನಿಗೆ ಕಾರಖಾನೆಯಲ್ಲಿ ರಜೆ ಸಿಗಲಿಲ್ಲ. "ಬಸ್ಸಿಗೆ ಹೊಕ್ಕೀನಿ" ಅಂದ ಅಪ್ಪ. ಧೂಳಿನಲ್ಲಿ, ಗಾಳಿಯಲ್ಲಿ ರಾತ್ರಿಯೆಲ್ಲ ಕೂತು ಹೋಗುವುದು ಬೇಡವೆಂದು ತಂಗಿ ನನಗೆ ಫೋನ್ ಮಾಡಿದಳು. "ಅಣ್ಣಾ, ನೀನ ಬಿಟ್ಟ ಬಾ. ದಾರಿಯೊಳಗ ಮಾತಾಡ್ರಿ, ಇಲ್ಲಾ ಜಗಳ ಆಡ್ರಿ. ಏನರ ಮಾಡ್ರಿ, ನನಗ ಇದು ಸಾಕಾಗೇತಿ" ಅಂದಳು.

ನಮ್ಮಿಬ್ಬರ ನಡುವೆ ಇದ್ದದ್ದು ಅವ್ವನ ಸಾವು.

ಅವ್ವ ಹೋದದ್ದು 2020ರ ಮೇ ತಿಂಗಳ ಕೊನೆಯ ವಾರ. ಕೊರೋನಾ ಅಲ್ಲ. ನಸುಕಿನಲ್ಲಿ ಎದೆ ನೋವು ಅಂದಳಂತೆ, ಬೈಲಹೊಂಗಲಕ್ಕೆ ಕರೆದೊಯ್ಯಲು ಗಾಡಿ ಹುಡುಕುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನಗಳು ನಿಮಗೂ ನೆನಪಿರಬಹುದು. ಪುಣೆ ರೆಡ್ ಝೋನ್. ಜಿಲ್ಲೆ ದಾಟಲು ಪೊಲೀಸರ ಇ-ಪಾಸ್ ಬೇಕು. ಕರ್ನಾಟಕಕ್ಕೆ ಹೋಗಲು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ ಕಾಯಬೇಕು. ಮೇ 18ಕ್ಕೆ ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದಿತ್ತು. ಹೇಗೋ ಒಳಗೆ ಹೋದರೂ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಕ್ವಾರಂಟೈನ್.

ಆ ದಿನದ ಬಗ್ಗೆ ನಾನು ಎಲ್ಲರಿಗೂ ಹೇಳಿದ ಕತೆ ಇದು: ಬೆಳಿಗ್ಗೆ ಎಂಟೂವರೆಗೆ ಪಾಸ್ ಸಿಕ್ಕಿತು, ಒಬ್ಬನೇ ಗಾಡಿ ಓಡಿಸಿಕೊಂಡು ಕೋಗನೊಳಿವರೆಗೆ ಹೋದೆ. ಅಲ್ಲಿ ಚೆಕ್‌ಪೋಸ್ಟಿನಲ್ಲಿ ತಡೆದರು. ಕೈ ಮುಗಿದೆ, ಕಾಲು ಹಿಡಿದೆ. ಬಿಡಲಿಲ್ಲ. ಒಂದು ಬೇವಿನ ಗಿಡದ ಕೆಳಗೆ ಮೂರು ತಾಸು ನಿಂತೆ. ಒಬ್ಬ ವಯಸ್ಸಾದ ಪೊಲೀಸ್ ನೀರಿನ ಬಾಟಲಿ ಕೊಟ್ಟು, "ವಾಪಸ್ ಹೋಗೋ ತಮ್ಮಾ, ಇಲ್ಲಿ ನಿಂತು ಉಪಯೋಗಿಲ್ಲ" ಅಂದ. ಅಳುತ್ತ ತಿರುಗಿ ಬಂದೆ.

ಈ ಕತೆಯನ್ನು ತಂಗಿಗೆ ಹೇಳಿದೆ. ಆಫೀಸಿನಲ್ಲಿ ಹೇಳಿದೆ. ಮುಂದೊಂದು ವರ್ಷ ಪುಣೆಯ ಒಂದು ರಾಜ್ಯೋತ್ಸವದ ಕೂಟದಲ್ಲಿ, ವಲಸೆ ಬಂದವರ ಕಷ್ಟದ ಮಾತು ಬಂದಾಗ ಮೈಕು ಹಿಡಿದು ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಒಬ್ಬ ಹಿರಿಯರು ಬಂದು ತಬ್ಬಿಕೊಂಡರು. ಇದನ್ನು ಓದುತ್ತಿರುವವರಲ್ಲಿ ಒಂದಿಬ್ಬರು ಆ ದಿನ ಅಲ್ಲಿ ಇದ್ದಿರಲೂಬಹುದು. ಅವರಲ್ಲಿ ನಾನು ಕ್ಷಮೆ ಕೇಳಬೇಕು.

ಅಪ್ಪನಿಗೆ ಮಾತ್ರ ಆ ಸಂಜೆ ಫೋನಿನಲ್ಲಿ, "ಗಡಿಯಿಂದ ವಾಪಸ್ ಕಳಿಸಿದ್ರಪ್ಪಾ" ಅಂದಿದ್ದೆ. "ಆತು" ಅಂದು ಫೋನ್ ಇಟ್ಟಿದ್ದ. ದಿನಗಳಿಗೂ ನಾನು ಹೋಗಲಾಗಲಿಲ್ಲ. ಜುಲೈನಲ್ಲಿ ಮಗಳು ಹುಟ್ಟಿದಳು. ಸಪ್ಟೆಂಬರಿನಲ್ಲಿ ಊರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದವನು, "ಬಂದ್ಯಾ" ಅಂದು ಎದ್ದು ಹೊಲಕ್ಕೆ ಹೋಗಿಬಿಟ್ಟ. ಎರಡು ದಿನ ಹಾಗೇ ನಡೆಯಿತು. ಹೊರಡುವ ದಿನ ನನಗೆ ತಡೆಯಲಾಗಲಿಲ್ಲ. "ಗಡಿ ಬಂದ್ ಇತ್ತು, ನಾ ಏನ್ ಮಾಡ್ಲಿ?" ಎಂದು ಕೂಗಾಡಿದೆ. "ನಾ ಏನರ ಕೇಳೀನೇನು?" ಅಂದ ಅಪ್ಪ. ಅಲ್ಲಿಗೆ ಮುಗಿಯಿತು. ಆಮೇಲಿನ ವರ್ಷಗಳಲ್ಲಿ ಅವ್ವನ ಪುಣ್ಯತಿಥಿಗೆ ಪ್ರತಿ ಸಲವೂ ನನಗೆ ಯಾವುದೋ ರಿಲೀಸ್ ಇರುತ್ತಿತ್ತು, ಯಾವುದೋ ಕ್ಲೈಂಟ್ ಕಾಲ್ ಇರುತ್ತಿತ್ತು.

ಬೆಳಿಗ್ಗೆ ಆರಕ್ಕೆ ಚಿಂಚವಡ ಬಿಟ್ಟೆವು. ಅಪ್ಪ ಮುಂದಿನ ಸೀಟಿನಲ್ಲಿ, ಕಪ್ಪು ಕನ್ನಡಕ, ತಲೆಗೆ ಟವೆಲ್ಲು, ತೊಡೆಯ ಮೇಲೆ ಕಣ್ಣಿನ ಔಷಧದ ಚೀಲ. ಕಾತ್ರಜದ ಸುರಂಗ ದಾಟುವವರೆಗೆ ಒಂದು ಮಾತಿಲ್ಲ. ಶಿರವಳದ ಹತ್ತಿರ ಸೇತುವೆ ಬಂದಾಗ ಮೊದಲ ಮಾತು ಬಂತು.

"ಇದ್ಯಾವ ಹೊಳಿ?"

"ನೀರಾ."

"ಇದು ಎಲ್ಲಿ ಕೂಡತೇತಿ?"

"ಭೀಮಾಕ್ಕ. ಭೀಮಾ ಮುಂದ ಕೃಷ್ಣಾಕ್ಕ."

ಹೂಂ ಅಂದ. ಆಮೇಲೆ ಪ್ರತಿ ಸೇತುವೆಗೂ ಇದೇ ಪ್ರಶ್ನೆ. ಪೊರೆ ತೆಗೆದ ಕಣ್ಣಿಗೆ ಎಲ್ಲ ಹೊಸದಾಗಿ ಕಾಣುತ್ತಿತ್ತೋ ಏನೋ. ಮಲಪ್ರಭೆಯ ದಂಡೆಯ ಒಕ್ಕಲಿಗ ಅವನು. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದು ಅವನಿಗೆ ಬೇರೆಯವರ ಮನೆಯ ಸುದ್ದಿಯಲ್ಲ. ಸಾತಾರಾದ ಹತ್ತಿರ ವೆಣ್ಣಾ, ಅದೂ ಕೃಷ್ಣೆಗೆ. "ಎಲ್ಲಾ ಕೃಷ್ಣಾಕ್ಕ ಹೊಕ್ಕಾವಲ್ಲ" ಅಂದ. "ನಮ್ಮ ಮಲಪ್ರಭಾನೂ ಅಲ್ಲೇ ಹೊಕ್ಕೇತಿ, ಕೂಡಲಸಂಗಮದಾಗ" ಅಂದೆ. "ಅದು ನನಗ ಗೊತ್ತೈತಿ" ಅಂದ. ಇಷ್ಟು ಮಾತು ನಮ್ಮಿಬ್ಬರಿಗೆ ಬಹಳವಾಯಿತು. ಮತ್ತೆ ಸುಮ್ಮನಾದೆವು.

ಸಾತಾರಾ ದಾಟಿದ ಮೇಲೆ ಆರು ಪಥದ ರಸ್ತೆಯ ಕೆಲಸ. ಎಲ್ಲಿ ನೋಡಿದರೂ ಡೈವರ್ಶನ್, ಅರ್ಧ ಎದ್ದ ಸೇತುವೆಗಳು, ಕೆಂಪು ಧೂಳು. ಕಬ್ಬಿನ ಹಂಗಾಮು ಬೇರೆ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆಯ ತುಂಬ ತೂಗಾಡುತ್ತ ಹೋಗುತ್ತಿದ್ದವು. ತಾಸವಡೆ ಟೋಲ್ ದಾಟಿದಾಗ ಒಂಬತ್ತೂವರೆ. ಮುಂದಿನ ಊರು ಕರಾಡ.

ಕರಾಡದಲ್ಲಿ ಕೃಷ್ಣಾ ಮತ್ತು ಕೊಯ್ನಾ ಎದುರುಬದುರು ಬಂದು ಕೂಡುತ್ತವೆ. ಎರಡು ನದಿಗಳು ಹಾಗೆ ಮುಖಾಮುಖಿಯಾಗಿ ಬಂದು ಸೇರುವುದು ಅಪರೂಪ. ಪ್ರೀತಿಸಂಗಮ ಎನ್ನುತ್ತಾರೆ. ಯಶವಂತರಾವ್ ಚವ್ಹಾಣರ ಸಮಾಧಿ ಅಲ್ಲೇ ಇದೆ. ಬೇರೆ ದಿನವಾಗಿದ್ದರೆ ಅಪ್ಪನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ, ಬಹಳ ಖುಷಿಪಡುತ್ತಿದ್ದ. ಆದರೆ ಕರಾಡದಲ್ಲಿ ನಾನು ಗಾಡಿ ನಿಲ್ಲಿಸುವುದಿಲ್ಲ. ಹೆಂಡತಿ, ಮಗಳು ಜೊತೆಗಿದ್ದಾಗಲೂ, ಎಷ್ಟೇ ಹಸಿವಾಗಿದ್ದರೂ, ಕೊಲ್ಲಾಪುರದವರೆಗೆ ತಡೆಯಿರಿ ಎನ್ನುತ್ತೇನೆ.

ಯಾಕೆಂದರೆ ಆ ದಿನ ನಾನು ನಿಂತಿದ್ದು ಕರಾಡದಲ್ಲಿ. ಕೋಗನೊಳಿಯಲ್ಲಲ್ಲ.

ಪಾಸ್ ಸಿಕ್ಕಿದ್ದು ನಿಜ, ಒಬ್ಬನೇ ಹೊರಟಿದ್ದು ನಿಜ. ಹೆದ್ದಾರಿ ಖಾಲಿ ಇತ್ತು. ಹನ್ನೊಂದೂವರೆಗೆ ಕರಾಡ ಮುಟ್ಟಿದ್ದೆ. ಊರ ಹೊರಗೆ ಬಾಗಿಲು ಹಾಕಿದ ಒಂದು ಪೆಟ್ರೋಲ್ ಪಂಪಿನ ಹತ್ತಿರ ನೀರು ಕುಡಿಯಲು ನಿಲ್ಲಿಸಿದೆ. ಎದುರಿನಿಂದ ಬಂದ ಲಾರಿಯವನೊಬ್ಬ ಟಯರು ನೋಡುತ್ತ ನಿಂತಿದ್ದ. ಕೋಗನೊಳಿಯಲ್ಲಿ ಪುಣೆ, ಮುಂಬೈ ಗಾಡಿಗಳನ್ನೆಲ್ಲ ತಿರುಗಿಸಿ ಕಳಿಸುತ್ತಿದ್ದಾರೆ ಎಂದ. ನಾನು ಗಾಡಿಯೊಳಗೆ ಕೂತೆ. ಹೆಂಡತಿಗೆ ಏಳು ತಿಂಗಳಾಗಿತ್ತು, ಮನೆಯಲ್ಲಿ ಒಬ್ಬಳೇ. ಒಳಗೆ ಹೋದರೆ 14 ದಿನ ಸಿಕ್ಕಿಬೀಳುತ್ತೇನೆ. ಅಷ್ಟರಲ್ಲಿ ಅವಳಿಗೆ ಏನಾದರೂ ಆದರೆ? ಬಿಡಲಿಲ್ಲ ಅಂದರೆ ಇಷ್ಟು ದೂರ ಹೋಗಿ ಏನು ಉಪಯೋಗ? ಇವೆಲ್ಲ ಸುಳ್ಳು ಕಾರಣಗಳಲ್ಲ. ಆದರೆ ಎರಡು ತಾಸು ಅಲ್ಲಿ ಕೂತಾಗ ನನ್ನ ಮನಸ್ಸಿನಲ್ಲಿ ನಿಜವಾಗಿ ಇದ್ದದ್ದು ಹೆದರಿಕೆ. ಅದು ಪೊಲೀಸರ ಹೆದರಿಕೆಯಲ್ಲ, ರೋಗದ ಹೆದರಿಕೆಯೂ ಅಲ್ಲ. ಊರಿಗೆ ಹೋದರೆ ಅವ್ವ ಸತ್ತಿರುತ್ತಾಳೆ. ಕರಾಡದಿಂದ ತಿರುಗಿದರೆ ಅದನ್ನು ನೋಡಬೇಕಾಗಿಲ್ಲ.

ಕೋಗನೊಳಿ ಅಲ್ಲಿಂದ ಸುಮಾರು 100 ಕಿಲೋಮೀಟರ್. ಸಾವಿನ ಮನೆಗೆ ಹೊರಟವರನ್ನು ಕೆಲವು ಸಲ ಬಿಟ್ಟರು ಎಂದು ಆಮೇಲೆ ಸಹೋದ್ಯೋಗಿಯೊಬ್ಬ ಹೇಳಿದ. ನನ್ನನ್ನು ಬಿಡುತ್ತಿದ್ದರೋ ಇಲ್ಲವೋ, ಕೇಳುವುದಕ್ಕೇ ನಾನು ಹೋಗಲಿಲ್ಲ. ಗಾಡಿ ತಿರುಗಿಸಿದೆ. ಬೇವಿನ ಗಿಡ, ಕಾಲು ಹಿಡಿದದ್ದು, ನೀರು ಕೊಟ್ಟ ಪೊಲೀಸ್, ಇವೆಲ್ಲ ಪುಣೆಗೆ ತಿರುಗಿ ಬರುವ ದಾರಿಯಲ್ಲಿ ಒಂದೊಂದಾಗಿ ಹುಟ್ಟಿಕೊಂಡವು. ಗಡಿ ನಿಜವಾಗಿಯೂ ಬಂದ್ ಇತ್ತು ಅನ್ನುವುದೇ ನನ್ನ ಸುಳ್ಳಿಗೆ ದೊಡ್ಡ ಆಸರೆಯಾಯಿತು.

ಈಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಜಾಗ ದಾಟುವಾಗ ನನಗೆ ಗೊತ್ತಿಲ್ಲದೆ ವೇಗ ಇಳಿದಿತ್ತು.

"ಯಾಕ, ನಿಂದರ್ಸ್ತಿ ಏನು?" ಅಂದ ಅಪ್ಪ.

"ಇಲ್ಲ" ಅಂದು ಗೇರ್ ಬದಲಿಸಿದೆ.

ಕಿಣಿಯ ಹತ್ತಿರ ವಾರಣಾ, ಕೊಲ್ಲಾಪುರದಲ್ಲಿ ಪಂಚಗಂಗಾ. ಅಲ್ಲಿ ಇಳಿದು ಚಹಾ ಕುಡಿದೆವು, ಅವನ ಕಣ್ಣಿಗೆ ಔಷಧ ಹಾಕಿದೆ. ರೆಪ್ಪೆ ಹಿಡಿದು ಹನಿ ಬಿಡುವಾಗ ಅಪ್ಪನ ಮುಖವನ್ನು ಎಷ್ಟೋ ವರ್ಷಗಳ ಮೇಲೆ ಅಷ್ಟು ಹತ್ತಿರದಿಂದ ನೋಡಿದೆ. ಗಲ್ಲದ ಮೇಲೆ ಬೋಳಿಸದೆ ಉಳಿದ ಬಿಳಿ ಕೂದಲು. ಕಣ್ಣು ಮುಚ್ಚಿಕೊಂಡೇ ಕೇಳಿದ: "ಕೋಗನೊಳಿ ಇನ್ನ ಎಷ್ಟ ದೂರ?"

"ಅರ್ಧಾ ತಾಸು. ಯಾಕ?"

"ಬಂದಾಗ ಹೇಳು."

ಕಾಗಲ ದಾಟಿ ದೂಧಗಂಗೆಯ ಸೇತುವೆ ಬಂದಾಗ ಯಾವ ಹೊಳೆ ಎಂದು ಅವನು ಕೇಳಲಿಲ್ಲ. ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಕನ್ನಡದ ಬೋರ್ಡು ಕಂಡದ್ದೇ, "ಬಾಜೂಕ ಹಚ್ಚು" ಅಂದ. ರಸ್ತೆಯ ಬದಿಗೆ ನಿಲ್ಲಿಸಿದೆ. ಬಾಗಿಲು ತೆಗೆದು ಇಳಿದ. ಕಪ್ಪು ಕನ್ನಡಕ ತೆಗೆದು, ಕೈ ಅಡ್ಡ ಹಿಡಿದು, ಆ ಕಡೆ ಈ ಕಡೆ ನೋಡಿದ. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು.

"ಎಲ್ಲಿ ನಿಂತಿದ್ದಿ?"

ನನಗೆ ತಿಳಿಯಲಿಲ್ಲ ಎಂಬಂತೆ ನೋಡಿದೆ.

"ಆವತ್ತ. ನಿಮ್ಮವ್ವ ಸತ್ತ ದಿನ. ಬೇವಿನ ಗಿಡ ಅಂದಿದ್ದಿ ಅಂತಲ್ಲ, ತಂಗಿ ಹೇಳ್ಯಾಳ. ಯಾವದು ಅದು? ಆ ನೀರ ಕೊಟ್ಟ ಪೊಲೀಸಪ್ಪ ಎಲ್ಲಿ ಕುಂತಿದ್ದ? ತೋರಸು. ಹೋದಾಗ ರಾತ್ರಿ ಆಗಿತ್ತು, ಕಣ್ಣೂ ಕಾಣತಿದ್ದಿಲ್ಲ. ಈಗ ಕಾಣತಾವ."

ನಾನು ಸುಮ್ಮನೆ ಯಾವುದೋ ಗಿಡದ ಕಡೆ ಕೈ ತೋರಿಸಬಹುದಿತ್ತು. ರಸ್ತೆ ಅಗಲ ಮಾಡುವಾಗ ಕಡಿದಿದ್ದಾರೆ ಅನ್ನಬಹುದಿತ್ತು, ಅವನು ನಂಬುತ್ತಿದ್ದ. ಆ ಮಾತು ಬಾಯಿಯವರೆಗೂ ಬಂದಿತ್ತು. ಆದರೆ ಅವನು ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಗುಡಿಯ ಮುಂದೆ ನಿಂತವರ ಹಾಗೆ.

"ಅಪ್ಪಾ, ನಾ ಇಲ್ಲಿತನಕ ಬಂದಿದ್ದಿಲ್ಲ."

ಲಾರಿಯ ಸಪ್ಪಳಕ್ಕೆ ಕೇಳಿಸಲಿಲ್ಲವೇನೋ. ಇನ್ನೊಮ್ಮೆ ಹೇಳಿದೆ. "ಕರಾಡದಿಂದ ಹೊಳ್ಳಿ ಹೋಗಿದ್ನಿ. ಇಲ್ಲಿ ಯಾರೂ ನನ್ನ ತಡದಿಲ್ಲ."

ಅಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ರಸ್ತೆಯನ್ನೇ ನೋಡಿದ. ಆಮೇಲೆ ಟವೆಲ್ಲು ಸುತ್ತಿಕೊಂಡ, ಕನ್ನಡಕ ಹಾಕಿಕೊಂಡ. ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತ.

ನಿಪ್ಪಾಣಿ ಹೋಯಿತು. ಯಮಗರ್ಣಿಯ ವೇದಗಂಗೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಕಪ್ಪು ಕನ್ನಡಕವಷ್ಟೇ ಕಾಣುತ್ತಿತ್ತು. ಸಂಕೇಶ್ವರ ಬಂದಾಗ, "ಬಸ್ ಸ್ಟ್ಯಾಂಡಿಗೆ ಹೊಡಿ" ಅಂದ. ಚಹಾ ಬೇಕೇನೋ ಅಂದುಕೊಂಡೆ. ನಿಲ್ಲಿಸಿದ್ದೇ ಇಳಿದು, ಔಷಧದ ಚೀಲ ತೆಗೆದುಕೊಂಡು, ಹೊರಡಲು ನಿಂತಿದ್ದ ಬೆಳಗಾವಿ ಬಸ್ಸು ಹತ್ತಿಬಿಟ್ಟ. ನಾನು ಓಡಿಹೋಗಿ ಕಿಟಕಿಯ ಹತ್ತಿರ ನಿಂತು, "ಅಪ್ಪಾ, ಏನಿದು, ಇಳಿ" ಅಂದೆ. ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವನು ಮುಖ ಆ ಕಡೆ ತಿರುಗಿಸಿ ಕೂತ. ಕಂಡಕ್ಟರು ಸೀಟಿ ಊದಿದ.

ಸಂಕೇಶ್ವರದಿಂದ ಬೆಳಗಾವಿಗೆ ಸುಮಾರು 50 ಕಿಲೋಮೀಟರ್. ಆ 50 ಕಿಲೋಮೀಟರನ್ನು ನಾನು ಒಂದು ಕೆಂಪು ಬಸ್ಸಿನ ಬಾಲ ಹಿಡಿದುಕೊಂಡು ಹೋದೆ. ಅದು ನಿಂತಲ್ಲೆಲ್ಲ ನಿಂತೆ. ಹತ್ತರಗಿ, ಯಮಕನಮರಡಿ. ಹೆದ್ದಾರಿ ಬಿಟ್ಟು ಊರೊಳಗೆ ಹೋದರೆ ನಾನೂ ಹೋದೆ. ಹಿಂದಿನಿಂದ ಗಾಡಿಗಳು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದವು. ಹಿಂದಿನ ಗಾಜಿನಲ್ಲಿ ಅಪ್ಪನ ಟವೆಲ್ಲಿನ ತಲೆ ಒಮ್ಮೊಮ್ಮೆ ಕಾಣುತ್ತಿತ್ತು. ಒಂದು ಸಲವೂ ತಿರುಗಲಿಲ್ಲ. ನಾನು ಚಿಕ್ಕವನಿದ್ದಾಗ ಬೈಲಹೊಂಗಲದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮೊದಲ ದಿನ ಅಪ್ಪ ನನ್ನನ್ನು ಹತ್ತಿಸಿ, ಸೈಕಲ್ಲಿನಲ್ಲಿ ಬಸ್ಸಿನ ಹಿಂದೆಯೇ ಹಳ್ಳದವರೆಗೆ ಬಂದಿದ್ದ. ಅದು ಆಗ ನೆನಪಾಯಿತು. ಕಣ್ಣು ಮಂಜಾಗಿ ಒಂದೆರಡು ಸಲ ಗಾಡಿ ನಿಧಾನ ಮಾಡಬೇಕಾಯಿತು.

ಬೆಳಗಾವಿಯ ಸೆಂಟ್ರಲ್ ಬಸ್ ನಿಲ್ದಾಣದ ಹೊರಗೆ ಗಾಡಿ ನಿಲ್ಲಿಸಿ ಕಾದೆ. ಅಪ್ಪ ಇಳಿದು, ಚೀಲ ಹಿಡಿದುಕೊಂಡು, ನನ್ನ ಕಡೆಗೇ ನೇರ ಬಂದ. ಕಾರು ಹಿಂದೆ ಇರುವುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

"ಹಸಿವಾಗೇತಿ" ಅಂದ. "ಹೆಣ್ಣಮಕ್ಕಳಿಗಷ್ಟ ಪುಕ್ಕಟೆ. ನಿನ್ನ ಸಲುವಾಗಿ ನನ್ನ ಟಿಕೀಟಿನ ರೊಕ್ಕ ಹೋತು."

ಒಂದು ಖಾನಾವಳಿಗೆ ಹೋದೆವು. ಜೋಳದ ರೊಟ್ಟಿ, ಎಣಗಾಯಿ ಪಲ್ಲೆ, ಶೇಂಗಾ ಹಿಂಡಿ, ಮೊಸರು. ಅಪ್ಪ ರೊಟ್ಟಿ ಮುರಿದು ಪಲ್ಲೆಯಲ್ಲಿ ನೆನೆಸುತ್ತ, ತಟ್ಟೆಯನ್ನೇ ನೋಡುತ್ತ ಮಾತಾಡಿದ.

"ಕರಾಡದಿಂದ ಕೋಗನೊಳಿ ಎಷ್ಟ ಆಗತೇತಿ?"

"ನೂರು ಕಿಲೋಮೀಟರ್."

"ಅಂದ್ರ ಒಂದೂವರಿ ತಾಸಿನ ದಾರಿ."

"ಹೌದು."

"ನಾವು ಸಂಜಿ ಆರರತನಕ ಕಾದಿವಿ."

ನಾನು ತಿನ್ನುವುದನ್ನು ನಿಲ್ಲಿಸಿದೆ. ಅವನು ನಿಲ್ಲಿಸಲಿಲ್ಲ. ಊರ ದಾರಿಗೆ ಜಾಲಿಯ ಮುಳ್ಳು ಹಚ್ಚಿ ಬಂದ್ ಮಾಡಿದ್ದರಂತೆ. ಪುಣೆಯವನು ಬಂದರೆ ಹೆಣಕ್ಕೆ ಹೆಗಲು ಕೊಡುವುದಿಲ್ಲ ಎಂದಿದ್ದರಂತೆ. ಅಪ್ಪ ಅವರ ಜೊತೆ ಜಗಳ ತೆಗೆದಿದ್ದ. ನನ್ನ ಮಗ ಬರುತ್ತಾನೆ, ಬಂದೇ ಮಣ್ಣು ಕೊಡುತ್ತಾನೆ, ನೀವು ಬೇಕಾದರೆ ದೂರ ನಿಲ್ಲಿ ಅಂದಿದ್ದ. ಹೊತ್ತು ಇಳಿಯುತ್ತ ಬಂತು. ಮುಳುಗುವುದರೊಳಗೆ ಆಗಬೇಕು ಅಂದರು ಹಿರಿಯರು. ಆರಕ್ಕೆ ಅಪ್ಪ, "ಎತ್ರಿ" ಅಂದ.

"ಎತ್ರಿ ಅಂದಾಂವ ನಾನ" ಅಂದ ಅಪ್ಪ. "ಅದಾಗಿಂದ ನಿನ್ನ ಫೋನ್ ಬಂತು. ಗಡಿಯಿಂದ ವಾಪಸ್ ಕಳಿಸಿದ್ರು ಅಂದಿ. ಆಮ್ಯಾಲೆ ತಂಗಿ ಬೇವಿನ ಗಿಡದ್ದೆಲ್ಲಾ ಹೇಳಿದ್ಲು. ನನ್ನ ಮಗ ಬಿಸಲಾಗ ಕಾಲ ಹಿಡದು ನಿಂತಾನ, ನಾ ಇಲ್ಲಿ ಎತ್ರಿ ಅಂದೀನಿ. ನನಗ ಅನಸ್ತು, ರಾತ್ರಿ ಇಟಗೊಂಡಿದ್ರ, ಬೆಳಗ ಮುಂಜಾನಿ ಬಿಟ್ಟಿದ್ರೂ ಬಿಡತಿದ್ರು. ನೀ ಬಂದು ಒದರ್ಯಾಡಿದೆಲ್ಲ, ನಿನ್ನ ಬಿಟ್ಟು ಮಣ್ಣ ಮಾಡಿದಿವಿ ಅಂತ ನಿನಗ ಸಿಟ್ಟು ಅನಕೊಂಡ್ನಿ. ನಿನ್ನ ರೊಕ್ಕ ಯಾ ಮಾರಿ ಇಟಗೊಂಡು ತಗೋಳ್ಲಿ?"

ನಾಲ್ಕೂವರೆ ವರ್ಷ ನಾನು ಅಂದುಕೊಂಡಿದ್ದೇ ಬೇರೆ. ಅಪ್ಪನಿಗೆ ನನ್ನ ಮೇಲೆ ಸಿಟ್ಟು, ನಾನು ಬರಲಿಲ್ಲವೆಂದು ಅವನು ಮಾತು ಬಿಟ್ಟಿದ್ದಾನೆ ಅಂತ. ಅವನು ಮಾತು ಬಿಟ್ಟದ್ದು ನಾಚಿಕೆಯಿಂದ. ನನ್ನನ್ನು ಕಾಪಾಡಿಕೊಳ್ಳಲು ಹೆಣೆದ ಕತೆ ಅವನ ಹೆಗಲ ಮೇಲೆ ಹೋಗಿ ಕೂತಿತ್ತು. ನಾನು ಅದನ್ನು ಮೈಕು ಹಿಡಿದು ಹೇಳಿ ಹಗುರಾಗುತ್ತಿದ್ದೆ. ಅವನು ಅದನ್ನು ಯಾರಿಗೂ ಹೇಳದೆ ಹೊರುತ್ತಿದ್ದ.

"ತಪ್ಪಾತಪ್ಪಾ" ಅಂದೆ. ಬೇರೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

"ಇಷ್ಟ ದಿನ ನನಗ ಸಿಟ್ಟು ಇದ್ದಿದ್ದಿಲ್ಲ" ಅಂದ ಅಪ್ಪ. "ಈಗ ಬಂದೇತಿ ನೋಡು, ಸಿಟ್ಟು." ಮೊಸರಿನ ವಾಟಗ ಎತ್ತಿ ಕುಡಿದ. "ಆ ಪೊಲೀಸಪ್ಪಗ ನಾ ದಿನಾ ಲಿಂಗಪೂಜಿ ಮಾಡುಮುಂದ ಒಳ್ಳೇದಾಗಲಿ ಅಂತಿದ್ನಿ. ಇಲ್ಲದ ಮನಶಾಗ!"

ಅವನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ನನಗೆ ಎರಡೂ ಬಂದವು. ಬಡಿಸುತ್ತಿದ್ದ ಹುಡುಗ ಇನ್ನೊಂದು ರೊಟ್ಟಿ ಬೇಕೇ ಎಂದು ನಿಂತಿದ್ದವನು ನಮ್ಮ ಮುಖ ನೋಡಿ ಸುಮ್ಮನೆ ಒಂದು ಹಾಕಿ ಹೋದ.

ಬೆಳಗಾವಿಯಿಂದ ಹೊರಟಾಗ ಅಪ್ಪ ಮುಂದಿನ ಸೀಟಿಗೆ ಬಂದ. ದಾರಿಯುದ್ದಕ್ಕೂ ಬೈದ. ಅವ್ವನ ಸಲುವಾಗಿ ಬೈದ, ವರ್ಷವರ್ಷದ ಪುಣ್ಯತಿಥಿಗೆ ಬರದಿದ್ದಕ್ಕೆ ಬೈದ, ಮೊಮ್ಮಗಳು ಅವನನ್ನು ಕಂಡರೆ ಹೊಸಬರನ್ನು ಕಂಡಂತೆ ನಿಲ್ಲುತ್ತಾಳೆಂದು ಬೈದ, ಕೊನೆಗೆ ನಾನು ಟ್ರ್ಯಾಕ್ಟರ್ ಹಿಂದೆ ಹಾಕುವ ರೀತಿಗೂ ಬೈದ. ಯಾವುದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಸುಮ್ಮನೆ ಕೇಳುತ್ತ ಗಾಡಿ ಓಡಿಸಿದೆ. ಈ ಮನುಷ್ಯನ ದನಿಯನ್ನು ಒಂದೇ ಉಸಿರಿಗೆ ಇಷ್ಟು ಕೇಳಿ ಎಷ್ಟು ದಿನವಾಗಿತ್ತು!

ಬೈಲಹೊಂಗಲ ದಾಟಿ ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಮನೆಗೆ ಹೋಗುವ ಮುಂಚೆ ಗಾಡಿಯನ್ನು ಹೊಲದ ಕಡೆಗೆ ತಿರುಗಿಸಿದೆ. ಅಪ್ಪ ಬೇಡ ಅನ್ನಲಿಲ್ಲ. ಕಡಲೆ ಹೂವಾಗಿತ್ತು, ಅದರಾಚೆ ಜೋಳ ಮೊಳಕಾಲಿನ ಮೇಲೆ ಬಂದಿತ್ತು. ಹೊಲದ ಮೂಲೆಯಲ್ಲಿ ಅವ್ವನನ್ನು ಮಣ್ಣು ಮಾಡಿದ ಜಾಗ. ಸುತ್ತ ನಾಲ್ಕು ಕಲ್ಲು, ಮೇಲೊಂದು ಬಿಲ್ವದ ಗಿಡ. ನಾನು ಅಲ್ಲಿಗೆ ಮೊದಲೂ ಹೋಗಿದ್ದೆ. ಆಗೆಲ್ಲ ಒಂದು ನಿಮಿಷ ಕೈ ಮುಗಿದು, ಯಾರಾದರೂ ಏನಾದರೂ ಕೇಳುವ ಮುಂಚೆ ಹೊರಟುಬಿಡುತ್ತಿದ್ದೆ.

ಕೋಗನೊಳಿಯಲ್ಲಿ ಅಪ್ಪ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿತ್ತು. ಅದನ್ನೇ ನಾನು ಅವನಿಗೆ ಕೇಳಿದೆ.

"ಅಪ್ಪಾ, ಆವತ್ತ ನೀ ಎಲ್ಲಿ ನಿಂತಿದ್ದಿ?"

ಅಪ್ಪ ನನ್ನ ಮುಖ ನೋಡಿದ. ಆ ಪ್ರಶ್ನೆಯನ್ನು ಅವನಿಗೆ ಈವರೆಗೆ ಯಾರೂ ಕೇಳಿರಲಿಲ್ಲವೇನೋ. ನಿಧಾನ ನಡೆದು, ಗಿಡದಿಂದ ನಾಲ್ಕು ಹೆಜ್ಜೆ ದೂರ, ಬದುವಿನ ಮೇಲೆ ನಿಂತ. "ಇಲ್ಲೆ" ಅಂದ. ದಾರಿಯ ಕಡೆ ಕೈ ಮಾಡಿದ. "ಇಲ್ಲಿ ನಿಂತ್ರ ಡಾಂಬರ ರಸ್ತೆ ಕಾಣತೇತಿ. ಗಾಡಿ ಬಂದ್ರ ಮೊದಲ ಧೂಳ ಏಳತೇತಿ. ನಾ ಅದನ್ನ ನೋಡಕೋಂತ ನಿಂತಿದ್ನಿ. ಅಲ್ಲಿ ಐದ ಮಂದಿ, ಮುಚಗೊಂಡ ಮಾರಿ. ತಂಗಿ ಆ ಕಡೆ ಕುಂತಿದ್ಲು. ಅಯ್ಯಗೋಳು ಈ ಕಡೆ."

ನಾನು ಹೋಗಿ ಅವನ ಪಕ್ಕದಲ್ಲಿ ನಿಂತೆ. ರಸ್ತೆ ಕಾಣುತ್ತಿತ್ತು. ದೂರದಲ್ಲಿ ಯಾರದೋ ಟಂಟಂ ಧೂಳೆಬ್ಬಿಸಿ ಬರುತ್ತಿತ್ತು. ನಾವಿಬ್ಬರೂ ಅದನ್ನು ನೋಡಿದೆವು. ಅದು ತಿರುವಿನಲ್ಲಿ ಬೇರೆ ಊರಿನ ಕಡೆ ಹೋಯಿತು.

ಅಪ್ಪನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಈಗಲೂ ಫೋನಿನಲ್ಲಿ ಮಾತು ಮಾತಿಗೆ, "ನೀ ಏನ್ ಬಿಡಪಾ, ಕರಾಡದಾಂವ" ಎಂದು ಚುಚ್ಚುತ್ತಾನೆ. ಚುಚ್ಚಲಿ. ಕಳೆದ ತಿಂಗಳು ನನ್ನ ಖಾತೆಯ ದುಡ್ಡಿನಲ್ಲಿ ಬೋರಿನ ಮೋಟರು ರಿಪೇರಿ ಮಾಡಿಸಿದೆ ಎಂದು ತಾನಾಗಿ ಹೇಳಿದ. ನಾನು ಆ ಕತೆಯನ್ನು ಯಾರುಯಾರಿಗೆ ಹೇಳಿದ್ದೆನೋ ಅವರೆಲ್ಲರಿಗೂ ತಿದ್ದಿ ಹೇಳುವುದು ಆಗದ ಮಾತು. ಅದಕ್ಕೇ ಇಲ್ಲಿ ಬರೆದಿದ್ದೇನೆ. ಆ ಮೇ ತಿಂಗಳಲ್ಲಿ ಕೋಗನೊಳಿಯ ಬಿಸಿಲಿನಲ್ಲಿ ನಿಜವಾಗಿ ನಿಂತವರು, ನಿಜವಾಗಿ ಕೈ ಮುಗಿದು ತಿರುಗಿ ಬಂದವರು ನಮ್ಮ ನಡುವೆ ಬಹಳ ಜನ ಇದ್ದಾರೆ. ನಾನು ಅವರಲ್ಲಿ ಒಬ್ಬನಲ್ಲ.

ಆ ಸಂಜೆ ಹೊಲದಿಂದ ಹೊರಡುವಾಗ ಅಪ್ಪ ಬದು ಇಳಿಯಲು ಕೈ ಚಾಚಿದ. ಹೊಸ ಕಣ್ಣಿಗೆ ಆಳ ಇನ್ನೂ ಸರಿಯಾಗಿ ತಿಳಿಯುತ್ತಿರಲಿಲ್ಲ.

"ಹಿಡಕೋ ತಮ್ಮಾ" ಅಂದ.

ಹಿಡಿದುಕೊಂಡೆ.